ಪರದೆಯ ಮೇಲಣ ಕನ್ನಡದ ಓದು

ಇಂದಿನ ವಿದ್ಯಾರ್ಥಿಯು ಗ್ರಂಥವನ್ನು ಕೈಯಲ್ಲಿ ಹಿಡಿದು ಓದುವುದಕ್ಕಿಂತ ಹೆಚ್ಚಾಗಿ ಮೊಬೈಲಿನ ಪರದೆಯ ಮೇಲೆ ಓದುತ್ತಿರುವನು. ಅದನ್ನು ಹಳಿಯುವುದರಿಂದ ಪ್ರಯೋಜನವಿಲ್ಲ. ಆದರೆ ‘ಹಳಗನ್ನಡ ಓದಿದರೆ ತಲೆ ನೋಯುತ್ತದೆ’ ಎಂದು ಆತನು ಕಾವ್ಯವನ್ನೇ ಕೈಬಿಟ್ಟಾಗ, ದೋಷವು ಕಾವ್ಯದಲ್ಲಿದೆಯೋ ಪರದೆಯಲ್ಲಿದೆಯೋ ಎಂದು ವಿಚಾರಿಸುವುದು ಅಧ್ಯಾಪಕರಾದ ನಮ್ಮ ಕರ್ತವ್ಯವಲ್ಲವೆ?

ಆಂಡ್ರಾಯ್ಡ್ ಮತ್ತು ಐಫೋನುಗಳು 2019ರಲ್ಲಿ ಇಡೀ ಫೋನಿಗೆ ಅನ್ವಯಿಸುವ ಕಪ್ಪು ಹಿನ್ನೆಲೆಯನ್ನು ಒದಗಿಸಿದವು. ಅಂದಿನಿಂದ, ಕಪ್ಪು ನೆಲದ ಮೇಲಿನ ಬಿಳಿಯ ಅಕ್ಷರವೇ ಕಣ್ಣಿಗೆ ಹಿತವೆಂಬ ನಂಬಿಕೆ ಬಲವಾಗಿ ಬೇರೂರಿದೆ. ದೀರ್ಘವಾದ ಓದಿಗೆ ಈ ನಂಬಿಕೆ ಸಲ್ಲದೆಂದು ನನ್ನ ಅಭಿಪ್ರಾಯ. ನೆಲ ಬೆಳ್ಳಗಿದ್ದರೆ ಕಣ್ಣಿನ ಪಾಪೆ ಕಿರಿದಾಗಿ ಅಕ್ಷರದ ಅಂಚು ಸ್ಫುಟವಾಗುತ್ತದೆ. ನೆಲ ಕಪ್ಪಾದರೆ ಪಾಪೆ ಅಗಲವಾಗಿ ಕಣ್ಣಿನ ಸಹಜ ದೋಷಗಳು ಎದ್ದು ತೋರುತ್ತವೆ. ಅಸ್ಟಿಗ್ಮ್ಯಾಟಿಸಮ್ ಎಂಬ ದೃಷ್ಟಿದೋಷವುಳ್ಳವರಿಗಂತೂ ಬಿಳಿಯ ಅಕ್ಷರದ ಸುತ್ತ ಬೆಳಕು ಹರಡಿದಂತೆ ಕಾಣಬಹುದು. ಪೊರೆ ಬಂದ ವೃದ್ಧರಲ್ಲಿ ಕೆಲವರಿಗೆ ಕಪ್ಪು ನೆಲವೇ ಅನುಕೂಲ; ಅಂಥವರು ಅದನ್ನೇ ಇಟ್ಟುಕೊಳ್ಳಲಿ.

ಕಪ್ಪು ನೆಲವು ನಮ್ಮ ನಾಡಿಗೆ ಹೊಸತೇನಲ್ಲ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಾಡಿದ ಕಡತದ ಮೇಲೆ ನಮ್ಮ ಹಿರಿಯರು ಬಳಪದಿಂದ ಬರೆಯುತ್ತಿದ್ದರು. ಒರಸಿ ಮತ್ತೆ ಬರೆಯಲು ಬರುತ್ತಿದ್ದುದರಿಂದ ಅದು ಲೆಕ್ಕಪತ್ರಗಳಿಗೆ ಒದಗಿತು. ಕಾವ್ಯಗಳನ್ನು ಬರೆದಿಟ್ಟದ್ದಾದರೋ ಬಹುಮಟ್ಟಿಗೆ ತಾಳೆಗರಿಯಲ್ಲಿ. ಕಂಠದಿಂದ ಕೊರೆದ ಅಕ್ಷರ ಹಾಗೆಯೇ ಕಾಣದು. ಮಸಿಯನ್ನು ತಿಕ್ಕಿ ಒರಸಿದ ಮೇಲೆ ತಿಳಿಹಳದಿಯ ಗರಿಯಲ್ಲಿ ಕರಿಯ ಗೆರೆ ಮೂಡುವುದು. ಪರದೆಗೂ ನಾನು ಬಯಸುವ ಬಣ್ಣ ಅದೇ: ಕಣ್ಣು ಕೋರೈಸುವ ಶುಭ್ರಧವಳವಲ್ಲ, ಕೆನೆಬಣ್ಣದ ನೆಲ, ಗಾಢವಾದ ಅಕ್ಷರ.

ಇದಕ್ಕಿಂತ ದೊಡ್ಡ ಅಪಾಯ ಬೂದುಬಣ್ಣದ ಅಕ್ಷರ. ಬಿಳಿಯ ಪುಟದ ಮೇಲೆ ತೆಳುಬೂದಿಯಲ್ಲಿ ಬರೆಯುವುದನ್ನು ಈಗ ಸೊಗಸೆಂದು ಎಣಿಸುತ್ತಾರೆ! ಕನ್ನಡದಲ್ಲಿ ‘ದನ’ಕ್ಕೂ ‘ಧನ’ಕ್ಕೂ ಇರುವ ಅಂತರ ಅಡಿಯಲ್ಲಿನ ಒಂದು ಸಣ್ಣ ಗೀಟು, ಒತ್ತಕ್ಷರಗಳೋ ಮೂಲಾಕ್ಷರಕ್ಕಿಂತ ಚಿಕ್ಕವು. ನೆಲಕ್ಕೂ ಅಕ್ಷರಕ್ಕೂ ಕಾಂತಿಯ ಅಂತರ ಕುಗ್ಗಿದರೆ ಮೊದಲು ಮಾಯವಾಗುವುವು ಇವೇ. ಜಾಲಪುಟಗಳಿಗಾಗಿ 2008ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ಮಾರ್ಗಸೂಚಿಯು ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5ಕ್ಕೆ 1ರ ಅಂತರವನ್ನೂ, ಮೇಲಿನ ದರ್ಜೆಗೆ 7ಕ್ಕೆ 1ನ್ನೂ ವಿಧಿಸಿದೆ. ಅಚ್ಚ ಕಪ್ಪು ಬಿಳುಪಿನದು 21ಕ್ಕೆ 1. ನಮ್ಮ ಲಿಪಿಗೆ 7ಕ್ಕಿಂತ ಕಡಿಮೆ ಸಾಲದೆಂದು ನನ್ನ ಮತ. ಕನ್ನಡದ ಪಾಠಗಳನ್ನು ಗಣಕದಲ್ಲಿ ಸಿದ್ಧಪಡಿಸುವ ಸಹೋದ್ಯೋಗಿಗಳು ಇದನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ಪ್ರಾರ್ಥನೆ.

ಪ್ರಕಾಶದ ವಿಷಯ ಸುಲಭ. ಪರದೆಯ ಪಕ್ಕದಲ್ಲಿ ಒಂದು ಬಿಳಿಯ ಹಾಳೆಯನ್ನಿಟ್ಟು ನೋಡಬೇಕು. ಪರದೆಯು ದೀಪದಂತೆ ಉರಿಯುತ್ತಿದ್ದರೆ ತಗ್ಗಿಸಬೇಕು; ಹಾಳೆಗಿಂತ ಮಂಕಾಗಿದ್ದರೆ ಏರಿಸಬೇಕು. ರಾತ್ರಿ ಕೋಣೆಯ ದೀಪವನ್ನು ಆರಿಸಿ ಓದುವ ಹವ್ಯಾಸ ಸರಿಯಲ್ಲ. ಪರದೆಯನ್ನು ನೋಡುವಾಗ ರೆಪ್ಪೆ ಬಡಿಯುವುದು ಕಡಮೆಯಾಗಿ ಕಣ್ಣು ಒಣಗುತ್ತದೆ. ಯಾವ ಹಿನ್ನೆಲೆಯೂ ಇದನ್ನು ಪರಿಹರಿಸಲಾರದು, ನಡುನಡುವೆ ದೂರಕ್ಕೆ ದೃಷ್ಟಿ ಹಾಯಿಸಬೇಕು.

ನಮ್ಮ ಗ್ರಂಥಾಲಯದ ಗಣಕಯಂತ್ರಗಳು ಕಿಟಕಿಗೆ ಎದುರಾಗಿ ಕುಳಿತಿವೆ. ಮಧ್ಯಾಹ್ನದ ಬಿಸಿಲು ನೇರವಾಗಿ ಪರದೆಯ ಮೇಲೆ ಬೀಳುತ್ತದೆ. ಮೇಜುಗಳನ್ನು ಪಕ್ಕಕ್ಕೆ ತಿರುಗಿಸುವುದಕ್ಕೆ ಅನುದಾನವೇನೂ ಬೇಕಾಗದು.