ಹುಕ್ಕೇರಿ ಓಣಿಗಳ ದಿಕ್ಕು ನಾವೇ ಗುರುತಿಸೋಣ, ಬರ್ರಿ!

ಹುಕ್ಕೇರಿಯ ಅಣ್ಣಂದಿರೇ, ಅಕ್ಕಂದಿರೇ, ಟ್ರ್ಯಾಕ್ಟರ್, ಟಂಟಂ ಓಡಿಸುವ ಗೆಳೆಯರೇ, ಕಾಲೇಜಿನ ಹುಡುಗ ಹುಡುಗಿಯರೇ,

ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಕಟ್ಟಿಕೊಂಡು ಸಂಕೇಶ್ವರದ ಕಾರ್ಖಾನೆಗೆ ಹೊರಟ ಟ್ರ್ಯಾಕ್ಟರಿನ ಎದುರಿಗೆ, ಮೊಬೈಲ್ ನಂಬಿ ಬಂದ ಪರವೂರಿನ ಲಾರಿ ನಿಂತರೆ ಏನಾಗುತ್ತದೆ? ಇಬ್ಬರಿಗೂ ಹಿಂದೆ ಸರಿಯಲು ಜಾಗವಿಲ್ಲ. ಅವರ ಹಿಂದೆ ಆಂಬುಲೆನ್ಸ್ ಇದ್ದರೆ ಅದೂ ನಿಲ್ಲಬೇಕು. ಆ ಲಾರಿ ಚಾಲಕನನ್ನು ಬೈದು ಫಲವಿಲ್ಲ. ಅವನ ನಕ್ಷೆಯಲ್ಲಿ ನಮ್ಮ ಓಣಿಗಳ ಸಂಚಾರ ಬೋರ್ಡುಗಳೇ ಇಲ್ಲ.

ಆ ಬೋರ್ಡುಗಳನ್ನು ನಕ್ಷೆಗೆ ಏರಿಸುವವರು ನಾವೇ. 2004ರಲ್ಲಿ ಶುರುವಾದ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಇಂಟರ್ನೆಟ್ ನಕ್ಷೆಯನ್ನು ಯಾರು ಬೇಕಾದರೂ ತಿದ್ದಬಹುದು, ಒಂದು ರೂಪಾಯಿ ಖರ್ಚಿಲ್ಲ. ದಾರಿ ತೋರಿಸುವ ಎಷ್ಟೋ ಆ್ಯಪ್‌ಗಳು ಅದನ್ನೇ ಓದುತ್ತವೆ. 1969ರಲ್ಲೇ ಸ್ವಂತ ವಿದ್ಯುತ್ ಸಹಕಾರಿ ಸಂಘ ಕಟ್ಟಿಕೊಂಡ ತಾಲ್ಲೂಕು ನಮ್ಮದು. ಈ ಕೆಲಸಕ್ಕೆ ಬೇರೆಯವರ ದಾರಿ ಕಾಯಬೇಕೆ?

ಒಂದು ಎಚ್ಚರ ಬೇಕು. ಆ ನಕ್ಷೆಯಲ್ಲಿ ರಸ್ತೆಯೆಂದರೆ ಒಂದು ಗೆರೆ. ‘ಏಕಮುಖ’ ಎಂದು ಗುರುತಿಸಿದೊಡನೆ, ಗೆರೆ ಎಳೆದ ದಿಕ್ಕೇ ಸಂಚಾರದ ದಿಕ್ಕಾಗುತ್ತದೆ. ಬಾಣ ಉಲ್ಟಾ ಬಿದ್ದರೆ ನಾವೇ ಜನರನ್ನು ಎದುರು ವಾಹನಕ್ಕೆ ತಳ್ಳಿದಂತೆ. ಸೇವ್ ಮಾಡುವ ಮುಂಚೆ ಎರಡು ಸಲ ನೋಡ್ರಿ. ‘ಬಲಕ್ಕೆ ತಿರುಗುವಂತಿಲ್ಲ’ ಎಂಬುದಕ್ಕೆ ಯಾವ ರಸ್ತೆಯಿಂದ, ಯಾವ ಕ್ರಾಸಿನಲ್ಲಿ, ಯಾವ ರಸ್ತೆಗೆ ಎಂಬ ಮೂರೂ ಬೇಕು. ಭಾರಿ ವಾಹನಗಳ ನಿಷೇಧಕ್ಕೆ, ನಿಗದಿತ ವೇಳೆಯ ನಿರ್ಬಂಧಕ್ಕೆ ಬೇರೆ ಗುರುತುಗಳಿವೆ.

ಕಣ್ಣಾರೆ ಕಂಡ ಬೋರ್ಡನ್ನಷ್ಟೇ ಗುರುತಿಸಿರಿ. ಸಂಚಾರ ನಿರ್ಬಂಧಿಸುವ ಅಧಿಕಾರ 1988ರ ಮೋಟಾರು ವಾಹನ ಕಾಯ್ದೆಯ 115ನೇ ಕಲಮಿನಂತೆ ಸರ್ಕಾರಕ್ಕೆ, ಅದು ಅಧಿಕಾರ ಕೊಟ್ಟವರಿಗೆ ಮಾತ್ರ. ನಮ್ಮ ಮನೆ ಮುಂದೆ ಗದ್ದಲ ಬೇಡವೆಂದು ಓಣಿಯನ್ನು ಏಕಮುಖ ಮಾಡಿದರೆ ಅದು ಊರಿಗೇ ಮೋಸ. ಬೋರ್ಡ್ ಬೇಕಾದ ಕಡೆ ಪುರಸಭೆಗೆ, ಪೊಲೀಸ್ ಠಾಣೆಗೆ ಅರ್ಜಿ ಕೊಡೋಣ. ಗೂಗಲ್ ನಕ್ಷೆ ನೋಡಿ ನಕಲು ಮಾಡುವುದು ಬೇಡ, ಓಪನ್‌ಸ್ಟ್ರೀಟ್‌ಮ್ಯಾಪ್‌ನ ನಿಯಮ ಒಪ್ಪುವುದಿಲ್ಲ. ಜಾತ್ರೆಯ ನಾಲ್ಕು ದಿನದ ರಸ್ತೆ ಬಂದ್ ಕೂಡ ಗುರುತಿಸುವುದು ಬೇಡ. ನಕ್ಷೆ ಇಳಿಸಿಕೊಂಡವರ ಮೊಬೈಲಿನಲ್ಲಿ ಅದು ಜಾತ್ರೆ ಮುಗಿದ ಮೇಲೂ ಉಳಿದುಬಿಡುತ್ತದೆ.

ಗೋಕಾಕ, ಮೂಡಲಗಿಯ ಗೆಳೆಯರೂ ನಿಮ್ಮ ನಿಮ್ಮ ಪ್ಯಾಟಿಯಲ್ಲಿ ಈ ಕೆಲಸ ಹಿಡಿಯಿರಿ.

ಬರುವ ರವಿವಾರ ಮುಂಜಾನೆ 7 ಗಂಟೆಗೆ ಹುಕ್ಕೇರಿ ಬಸ್ ಸ್ಟ್ಯಾಂಡ್ ಮುಂದೆ ಸೇರೋಣ. ಚಾರ್ಜ್ ಮಾಡಿದ ಮೊಬೈಲ್, ಒಂದು ನೋಟ್‌ಬುಕ್, ಪೆನ್ನು ತರ್ರಿ. ಓಣಿ ಓಣಿ ನಡೆದು ಬೋರ್ಡುಗಳನ್ನು ಬರೆದುಕೊಳ್ಳೋಣ. ಮೊಬೈಲ್ ಬಾರದ ಹಿರಿಯರೂ ಬರ್ರಿ; ಯಾವ ಬೋರ್ಡ್ ಎಲ್ಲಿ ಬಿದ್ದುಹೋಗಿದೆ ಎಂಬುದು ನಿಮಗೇ ಗೊತ್ತು.