ಹುಡುಗಿಗೆ ರಾತ್ರಿ ಪಾಳಿ ಬೇಡವೆನ್ನುವವರಿಗೆ

ನಮ್ಮ ಬಂಧುಗಳೊಬ್ಬರ ಮಗಳು ಮುಂಬಯಿಯಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಈಗ ಎರಡನೆಯ ವರ್ಷ. ಹಗಲು ಹೊತ್ತು ವಾರ್ಡಿಗೆ ಹೋಗಿಬರುವ ತನಕ ಮನೆಯಲ್ಲಿ ಯಾರಿಗೂ ತಕರಾರಿರಲಿಲ್ಲ. ಹಿರಿಯ ಸಿಸ್ಟರುಗಳ ಜತೆಗಿದ್ದು ಕೆಲಸ ನೋಡಿ ಕಲಿಯಲೆಂದು ರಾತ್ರಿ ಪಾಳಿಯ ಪಟ್ಟಿಯಲ್ಲಿ ಅವಳ ಹೆಸರು ಬಂದದ್ದೇ ತಡ, ಊರಿನಿಂದ ದೊಡ್ಡಪ್ಪನ ಫೋನು ಬಂತು. “ಹೆಣ್ಣುಹುಡುಗಿ ರಾತ್ರಿಯೆಲ್ಲ ಹೊರಗಿರುತ್ತಾಳೆಂದರೆ ನಾಳೆ ಸಂಬಂಧ ಕೇಳಿಕೊಂಡು ಯಾರು ಬರುತ್ತಾರೆ? ಬರೀ ನೋಡುತ್ತ ನಿಲ್ಲುವುದಕ್ಕೆ ರಾತ್ರಿಯೇ ಯಾಕೆ ಬೇಕು? ಹಗಲೇ ನೋಡಿಕೊಳ್ಳಲಿ” ಎಂದು ಅವರ ವಾದ. ತಂದೆ ಅರ್ಧ ಒಪ್ಪಿದರು, ತಾಯಿ ಅತ್ತರು. ಮಗಳಿಗೆ ರಾತ್ರಿ ಪಾಳಿಯಿಂದ ವಿನಾಯಿತಿ ಕೊಡಬೇಕೆಂದು ಕಾಲೇಜಿಗೆ ಒಂದು ಬಿನ್ನಹ ಪತ್ರ ಬರೆದುಕೊಡಿ ಎಂದು ಕೊನೆಗೆ ನಮ್ಮಲ್ಲಿಗೆ ಬಂದರು. ನಾವು ಬರೆದುಕೊಡಲಿಲ್ಲ. ಏಕೆ ಬರೆದುಕೊಡಲಿಲ್ಲ ಎಂಬುದನ್ನು ಇಲ್ಲಿ ಬಹಿರಂಗವಾಗಿಯೇ ಹೇಳುತ್ತೇವೆ. ಈ ಮಾತು ಒಂದು ಮನೆಯದಲ್ಲ.

ದೊಡ್ಡಪ್ಪನವರ ಎರಡನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ. ನೋಡಿ ಕಲಿಯುವುದಕ್ಕೆ ರಾತ್ರಿಯೇ ಏಕೆ?

ಕಳೆದ ಮಳೆಗಾಲದಲ್ಲಿ ನಮ್ಮ ಆಪ್ತರೊಬ್ಬರು ನ್ಯುಮೋನಿಯಾದಿಂದ ಈ ನಗರದ ಒಂದು ಸಾರ್ವಜನಿಕ ಆಸ್ಪತ್ರೆ ಸೇರಿದ್ದರು. ಅವರ ಮಂಚದ ಪಕ್ಕದಲ್ಲಿ ನಾವು ನಾಲ್ಕು ರಾತ್ರಿ ಕುಳಿತಿದ್ದೆವು. 40 ಹಾಸಿಗೆಗಳ ವಾರ್ಡು. ರಾತ್ರಿಗೆ ಇಬ್ಬರು ಸಿಸ್ಟರುಗಳು, ಒಬ್ಬಳು ವಿದ್ಯಾರ್ಥಿನಿ, ಒಬ್ಬ ಮಾವಶಿ. ರಾತ್ರಿ 8ಕ್ಕೆ ಪಾಳಿ ಬದಲಾಗುವಾಗ ಮಂಚದಿಂದ ಮಂಚಕ್ಕೆ ನಡೆದು, ಯಾರಿಗೆ ಏನು ಕೊಟ್ಟಿದೆ, ಏನು ಕೊಡಬೇಕಾಗಿದೆ, ಯಾರ ಮೇಲೆ ಕಣ್ಣಿಡಬೇಕು ಎಂಬುದನ್ನೆಲ್ಲ ಒಪ್ಪಿಸುತ್ತಾರೆ. ಆ ಹುಡುಗಿ ಸಿಸ್ಟರ ಬೆನ್ನ ಹಿಂದೆ ಸಣ್ಣ ವಹಿಯೊಂದನ್ನು ಹಿಡಿದು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದಳು. ಆಮೇಲೆ ಬೆಳಗಿನ ತನಕ ಅವಳು ಸಿಸ್ಟರ ನೆರಳೇ ಆಗಿದ್ದಳು.

ಹಗಲಿನ ವಾರ್ಡನ್ನು ನಾವೆಲ್ಲ ನೋಡಿದ್ದೇವೆ. ದೊಡ್ಡ ಡಾಕ್ಟರ ಭೇಟಿ, ಎಕ್ಸ್‌ರೇ, ರಕ್ತಪರೀಕ್ಷೆ, ನೆಂಟರಿಷ್ಟರ ಜಾತ್ರೆ. ಅನುಮಾನ ಬಂದರೆ ಕೇಳಲು ಹತ್ತು ಜನರಿರುತ್ತಾರೆ. ರಾತ್ರಿ ಆ ಹತ್ತು ಜನರಿಲ್ಲ. ಇರುವುದು ರೋಗಿ, ಮಂದ ದೀಪ, ಮತ್ತು ಸಿಸ್ಟರ ಎರಡು ಕಣ್ಣು. ತಾನಾಗಿ ಮಗ್ಗುಲಾಗಲಾರದವನನ್ನು ಎರಡು ತಾಸಿಗೊಮ್ಮೆ ಹೊರಳಿಸಬೇಕು, ಇಲ್ಲವಾದರೆ ಬೆನ್ನು ಹುಣ್ಣಾಗುತ್ತದೆ. 500 ಮಿಲಿ ಸಲೈನು 8 ತಾಸಿನಲ್ಲಿ ಹೋಗಬೇಕೆಂದರೆ, ಮಿಲಿಗೆ 15 ಹನಿಯ ಕೊಳವೆಯಲ್ಲಿ ನಿಮಿಷಕ್ಕೆ ಸುಮಾರು 16 ಹನಿ ಬೀಳಬೇಕು. ಅದನ್ನು ಗಡಿಯಾರ ಹಿಡಿದು ಎಣಿಸಬೇಕು. ನಿದ್ದೆ ಹೋದವನು ಯಾರು, ಪ್ರಜ್ಞೆ ತಪ್ಪುತ್ತಿರುವವನು ಯಾರು ಎಂದು ಕತ್ತಲಲ್ಲಿ ತಿಳಿಯಬೇಕು. ಇದನ್ನು ಹಗಲಿನಲ್ಲಿ ಕಲಿಸುವುದು ಹೇಗೆ?

ಮೂರನೆಯ ರಾತ್ರಿ ಮೂರು ಗಂಟೆಯ ಸುಮಾರಿಗೆ ಆ ಹುಡುಗಿ ನಮ್ಮವರ ಮಂಚದ ಬಳಿ ನಿಂತಳು. ಅವರು ಹಾಯಾಗಿ ಮಲಗಿದ್ದಾರೆಂದೇ ನಾವು ತಿಳಿದಿದ್ದೆವು. ಅವಳು ಅವರ ಎದೆಯನ್ನೇ ನೋಡುತ್ತ ಒಂದು ಪೂರ್ತಿ ನಿಮಿಷ ಉಸಿರು ಎಣಿಸಿದಳು. ಮತ್ತೊಮ್ಮೆ ಎಣಿಸಿದಳು. ವಯಸ್ಕರಿಗೆ ನಿಮಿಷಕ್ಕೆ 12ರಿಂದ 20 ಉಸಿರು ಸಹಜ. ಅವರದು 30ಕ್ಕೆ ಏರಿತ್ತು. ತಾನಾಗಿ ಏನನ್ನೂ ಮಾಡದೆ ನೇರ ಹೋಗಿ ಸಿಸ್ಟರನ್ನು ಕರೆತಂದಳು. ಸಿಸ್ಟರು ನೋಡಿ, ಡಾಕ್ಟರಿಗೆ ಹೇಳಿ ಕಳಿಸಿ, ಆಮ್ಲಜನಕ ಹಚ್ಚಿಸಿದರು. ಬೆಳಕು ಹರಿಯುವ ಹೊತ್ತಿಗೆ ಉಸಿರು ಹದಕ್ಕೆ ಬಂತು. “ಬರೀ ನೋಡುತ್ತ ನಿಲ್ಲುವುದು” ಎಂದರೆ ಇದು, ದೊಡ್ಡಪ್ಪನವರೇ!

ಇನ್ನೊಂದು ಮಾತು. ನಮ್ಮ ಆಪ್ತರು ನಾಲ್ವತ್ತು ವರ್ಷ ಈ ಊರಿನ ಹೋಟೆಲುಗಳಲ್ಲಿ ದುಡಿದವರು. ಹಿಂದಿ, ಮರಾಠಿ ಅವರಿಗೆ ನೀರು ಕುಡಿದಷ್ಟು ಸುಲಭ. ಆದರೆ ಜ್ವರ ಏರಿದ ರಾತ್ರಿ ಅವರ ಬಾಯಲ್ಲಿ ಕನ್ನಡ ಬಿಟ್ಟು ಬೇರೆ ನುಡಿ ಹೊರಡಲಿಲ್ಲ. ಆ ಹುಡುಗಿ ಕೇರಳದವಳು. ನಮ್ಮನ್ನು ಕೇಳಿ ನೀರು, ನೋವು, ಉಸಿರು, ಚಳಿ ಎಂಬ ನಾಲ್ಕು ಮಾತುಗಳನ್ನು ತನ್ನ ವಹಿಯಲ್ಲಿ ಮಲಯಾಳ ಲಿಪಿಯಲ್ಲಿ ಬರೆದುಕೊಂಡಳು. ಕೇರಳದ ಯಾವುದೋ ಊರಿನ ತಾಯಿ ತನ್ನ ಮಗಳನ್ನು ರಾತ್ರಿ ಪಾಳಿಗೆ ಕಳಿಸಿದ್ದರಿಂದ ನಮ್ಮವರು ಬೆಳಗು ಕಂಡರು. ಆಕೆಗೂ ಒಬ್ಬ ದೊಡ್ಡಪ್ಪ ಇದ್ದು, ಅವನ ಮಾತು ನಡೆದಿದ್ದರೆ? ಅನ್ಯರ ಹೆಣ್ಣುಮಕ್ಕಳು ರಾತ್ರಿಯೆಲ್ಲ ಎದ್ದಿದ್ದು ನಮ್ಮನ್ನು ಕಾಯಬೇಕು, ನಮ್ಮ ಹೆಣ್ಣುಮಕ್ಕಳು ಮಾತ್ರ ಸಂಜೆ ಏಳರೊಳಗೆ ಮನೆ ಸೇರಬೇಕು! ಇದು ಯಾವ ಊರಿನ ನ್ಯಾಯ?

ಮರ್ಯಾದೆಯ ಮಾತಂತೂ ನಮ್ಮವರ ಬಾಯಲ್ಲಿ ಬರಲೇಬಾರದು. ಮುಂಬಯಿಯ ಕನ್ನಡಿಗರು ರಾತ್ರಿಯಲ್ಲಿಯೇ ಕಲಿತು ಮೇಲೆ ಬಂದವರು. ಹಗಲೆಲ್ಲ ಹೋಟೆಲಿನಲ್ಲಿ ಕಪ್ಪುಬಸಿ ತೊಳೆದು, ಸಂಜೆ ಕನ್ನಡ ರಾತ್ರಿ ಶಾಲೆಯ ಬೆಂಚಿನ ಮೇಲೆ ತೂಕಡಿಸುತ್ತ ಮೆಟ್ರಿಕ್ ಮುಗಿಸಿದವರು ಎಷ್ಟು ಮಂದಿ! ಅವರಲ್ಲಿ ವಕೀಲರಾದವರಿದ್ದಾರೆ, ಬ್ಯಾಂಕ್ ಅಧಿಕಾರಿಗಳಾದವರಿದ್ದಾರೆ, ಸಾಹಿತಿಗಳಾದವರಿದ್ದಾರೆ. ಪ್ರತಿ ವಾರ್ಷಿಕೋತ್ಸವದಲ್ಲಿ ಅವರಿಗೆ ಶಾಲು ಹೊದೆಸಿ ಭಾಷಣ ಮಾಡುತ್ತೇವೆ. ಹುಡುಗ ರಾತ್ರಿ ಕಲಿತರೆ ಸಾಹಸ, ಹುಡುಗಿ ರಾತ್ರಿ ಕಲಿತರೆ ಅಪವಾದ ಎಂಬ ಲೆಕ್ಕವನ್ನು ನಾವು ಒಪ್ಪಲಾರೆವು. ರಾತ್ರಿ ಪಾಳಿ ಮಾಡುವ ಹುಡುಗಿಯನ್ನು ಒಲ್ಲೆನೆಂಬ ಗಂಡಿನ ಮನೆಯವರಿಗೆ ಒಂದೇ ಪ್ರಶ್ನೆ: ನಾಳೆ ನಡುರಾತ್ರಿ ನಿಮ್ಮ ಮನೆಯ ಹಿರಿಯರಿಗೆ ಎದೆನೋವು ಬಂದರೆ, ಆಸ್ಪತ್ರೆಯಲ್ಲಿ ಯಾರು ಎದ್ದಿರಬೇಕೆಂದು ಬಯಸುತ್ತೀರಿ?

ಆದರೆ ತಾಯಿಯ ಕಣ್ಣೀರಿಗೆ ಕಾರಣವಾದ ಭಯವಿದೆಯಲ್ಲ, ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಕನ್ನಡ ನಾಡಿನವರಾದ ನಮಗೆ ಅದನ್ನು ಮರೆಯುವ ಹಕ್ಕೂ ಇಲ್ಲ. ಹೊನ್ನಾವರದ ಬಳಿಯ ಹಳದೀಪುರದ ಅರುಣಾ ಶಾನಭಾಗ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು. 1973ರ ನವೆಂಬರ್ 27ರ ಸಂಜೆ ಅದೇ ಆಸ್ಪತ್ರೆಯ ಸಫಾಯಿ ನೌಕರನೊಬ್ಬನ ಪಾಶವೀ ಹಲ್ಲೆಗೆ ತುತ್ತಾದ ಅವರು ಮತ್ತೆ ಚೇತರಿಸಿಕೊಳ್ಳಲಿಲ್ಲ. 2015ರ ಮೇ 18ರಂದು ತೀರಿಕೊಳ್ಳುವ ತನಕ, ಸುಮಾರು 42 ವರ್ಷ, ಅಲ್ಲಿನ ನರ್ಸುಗಳು ತಲೆಮಾರಿನಿಂದ ತಲೆಮಾರಿಗೆ ಪಾಳಿಯ ಮೇಲೆ ಪಾಳಿ ಅವರನ್ನು ಉಣಿಸಿ, ಮೀಯಿಸಿ ನೋಡಿಕೊಂಡರು. ಈ ಸೇವೆಯನ್ನು 2011ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟೇ ಕೊಂಡಾಡಿತು.

ಈ ಕಥೆಯನ್ನು ಹೇಳಿ ಹುಡುಗಿಯರನ್ನು ಹೆದರಿಸುವವರು ಎರಡು ಸಂಗತಿಗಳನ್ನು ಮರೆಯುತ್ತಾರೆ. ಅರುಣಾ ಅವರ ಮೇಲೆ ಹಲ್ಲೆ ನಡೆದದ್ದು ನಡುರಾತ್ರಿಯಲ್ಲಲ್ಲ, ಸಂಜೆ, ಕೆಲಸ ಮುಗಿಸಿ ಬಟ್ಟೆ ಬದಲಿಸುವ ವೇಳೆ, ನೆಲಮಾಳಿಗೆಯಲ್ಲಿ. ಕೆಟ್ಟದ್ದು ಗಡಿಯಾರವಲ್ಲ, ಕಾವಲಿಲ್ಲದ ಜಾಗ. ಎರಡನೆಯದಾಗಿ, ಅಂದು ಮುಂಬಯಿಯ ನರ್ಸುಗಳು ಕೆಲಸ ಬಿಟ್ಟು ಮನೆಗೆ ಹೋಗಲಿಲ್ಲ; ರಕ್ಷಣೆ ಬೇಕೆಂದು ಮುಷ್ಕರ ಹೂಡಿದರು. 2024ರ ಆಗಸ್ಟಿನಲ್ಲಿ ಕಲ್ಕತ್ತೆಯ ಆರ್.ಜಿ. ಕರ್ ವೈದ್ಯಕೀಯ ಕಾಲೇಜಿನಲ್ಲಿ ಪಾಳಿಯ ಮೇಲಿದ್ದ ತರಬೇತಿ ವೈದ್ಯೆಯೊಬ್ಬರ ಕೊಲೆಯಾದಾಗ, ಸಾಧ್ಯವಾದಲ್ಲೆಲ್ಲ ಹೆಂಗಸರಿಗೆ ರಾತ್ರಿ ಕೆಲಸ ತಪ್ಪಿಸಿ ಎಂದು ಅಲ್ಲಿನ ಸರಕಾರ ಸೂಚಿಸಿತು. ಮರುತಿಂಗಳು ಸುಪ್ರೀಂ ಕೋರ್ಟು ಇದನ್ನು ಆಕ್ಷೇಪಿಸಿತು: ರಕ್ಷಣೆ ಕೊಡುವುದು ಸರಕಾರದ ಹೊಣೆ, ಹೆಂಗಸರನ್ನು ಕೆಲಸದಿಂದ ದೂರವಿಡುವುದು ಪರಿಹಾರವಲ್ಲ. ದೊಡ್ಡಪ್ಪನವರ ವಾದವೂ ಆ ಸರಕಾರದ ಸೂಚನೆಯೂ ಒಂದೇ ಬಳ್ಳಿಯ ಕಾಯಿಗಳು.

ಹಾಗೆಂದು ಆಸ್ಪತ್ರೆಗಳ ಆಡಳಿತವನ್ನು ಬಿಟ್ಟುಬಿಡುವಂತಿಲ್ಲ. ನೋಡಿ ಕಲಿಯಲು ಬಂದವಳನ್ನು ಕೊರತೆ ತುಂಬುವ ಬಿಟ್ಟಿ ಆಳಾಗಿ ಮಾಡಿಕೊಳ್ಳುವ ಚಾಳಿ ಹಲವೆಡೆ ಇದೆ. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಂತೆ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ಹಾಸಿಗೆಗೆ ಒಬ್ಬ ನರ್ಸ್, ಎಂದರೆ ಪಾಳಿಯೊಂದಕ್ಕೆ 9 ಹಾಸಿಗೆಗೆ ಒಬ್ಬರು ಇರಬೇಕು. ಆ ಲೆಕ್ಕದಲ್ಲಿ ನಾವು ಕಂಡ ವಾರ್ಡಿಗೆ ನಾಲ್ವರಿಗಿಂತ ಹೆಚ್ಚು ಮಂದಿ ಬೇಕಿತ್ತು, ಇದ್ದವರು ಇಬ್ಬರು. ಇಂಥ ಕಡೆ ವಿದ್ಯಾರ್ಥಿನಿಯ ನೆರಳು ಕ್ರಮೇಣ ಸಿಸ್ಟರಿಂದ ದೂರ ಸರಿಯುತ್ತದೆ. ಆ ಕೊನೆಯ ಹತ್ತು ಮಂಚ ನೀನೇ ನೋಡಿಕೋ ಎಂಬ ಮಾತು ಬರುತ್ತದೆ. ಅಂದು ಆ ಹುಡುಗಿ ಉಸಿರು ಎಣಿಸಿ ಓಡಿದಾಗ ಓಡಿಹೋಗಲು ಒಬ್ಬ ಸಿಸ್ಟರು ಇದ್ದರು. ಇಲ್ಲದಿದ್ದರೆ ಅವಳ ಎಣಿಕೆಯಿಂದ ಏನು ಪ್ರಯೋಜನವಾಗುತ್ತಿತ್ತು?

ಇನ್ನು ನಮ್ಮ ಸಂಘದ ಹೊಣೆ. ಇಂಜಿನಿಯರಿಂಗಿಗೆ, ಡಾಕ್ಟರಿಗೆ, ಸಿ.ಎ.ಗೆ ಓದುವ ಮಕ್ಕಳಿಗೆ ಬಹುಮಾನ, ವಿದ್ಯಾರ್ಥಿವೇತನ ಕೊಡುತ್ತ ಬಂದಿದ್ದೇವೆ. ನರ್ಸಿಂಗ್ ಓದುವ ಹುಡುಗಿಯನ್ನು, ಹುಡುಗನನ್ನು ಒಮ್ಮೆಯಾದರೂ ವೇದಿಕೆಗೆ ಕರೆದಿದ್ದೇವೆಯೆ? ಕಾರ್ಯಕಾರಿ ಸಮಿತಿ ಮುಂದಿನ ಸಭೆಯಲ್ಲಿಯೇ ಇದನ್ನು ತಿದ್ದಲಿ.

ಬಂಧುಗಳು ಬೇಡಿದ ಪತ್ರವನ್ನು ನಾವು ಬರೆಯಲಿಲ್ಲ. ಅದರ ಬದಲು ಇನ್ನೊಂದು ಪತ್ರ ಬರೆದು ಅವರ ಕೈಗೆ ಕೊಟ್ಟೆವು, ಕಾಲೇಜಿನ ಪ್ರಾಂಶುಪಾಲರಿಗೆ. ಅದರಲ್ಲಿ ನಾಲ್ಕೇ ಕೇಳಿಕೆಗಳಿವೆ. ರಾತ್ರಿ ವಿದ್ಯಾರ್ಥಿನಿಯನ್ನು ವಾರ್ಡಿನಲ್ಲಿ ಒಂಟಿಯಾಗಿ ಬಿಡಬಾರದು. ಬಟ್ಟೆ ಬದಲಿಸುವ ಕೋಣೆ ವಾರ್ಡಿನ ಹತ್ತಿರವೇ ಇದ್ದು, ಒಳಗಿನಿಂದ ಚಿಲಕ ಹಾಕುವಂತಿರಬೇಕು. ವಾರ್ಡಿನಿಂದ ಹಾಸ್ಟೆಲಿನ ತನಕ ದೀಪ ಉರಿಯಬೇಕು, ಕಾವಲುಗಾರ ಇರಬೇಕು. ರಾತ್ರಿ ದುಡಿದವಳಿಗೆ ಮರುದಿನ ಬೆಳಗಿನ ತರಗತಿ ಇಡಬಾರದು. ಇಂಥ ಮಗಳನ್ನು ಓದಿಸುತ್ತಿರುವ ಪ್ರತಿಯೊಬ್ಬ ಸದಸ್ಯರೂ ಈ ಪತ್ರವನ್ನು ನಕಲು ಮಾಡಿ ಸಹಿ ಹಾಕಿ ಕಳಿಸಲಿ ಎಂದು ಕೋರುತ್ತೇವೆ.

ತಂದೆ ಸಹಿ ಹಾಕಿದರು. ತಾಯಿಯೂ ಹಾಕಿದರು. ಸೋಮವಾರ ರಾತ್ರಿ ಮಗಳು ಪಾಳಿಗೆ ಹೋದಳು.