ಮುಚ್ಚಟೆಯೆಂದರೆ ಮುಚ್ಚುವುದಲ್ಲ

ಜೂನ್ ಬಂತೆಂದರೆ ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಕಾರುಗಳೆಲ್ಲ ಮುಸುಕು ಹೊದ್ದು ಮಲಗುತ್ತವೆ. ಮಳೆ ಮುಗಿದು ಮುಸುಕು ತೆಗೆದಾಗ ತುಕ್ಕು ಕಂಡರೆ ತಪ್ಪೆಲ್ಲ ಉಪ್ಪುಗಾಳಿಯ ತಲೆಗೆ. ಥಾಣೆ, ನವಿಮುಂಬಯಿಯವರು ಥಾಣೆ ಖಾಡಿಯನ್ನು ಬೈದರೆ, ಕಲ್ಯಾಣ್ ಕಡೆಯ ನಾವು ಉಲ್ಹಾಸ್ ನದಿಯ ಖಾಡಿಯನ್ನು ಬೈಯುತ್ತೇವೆ. ಉಪ್ಪು ತುಕ್ಕನ್ನು ಚುರುಕುಗೊಳಿಸುತ್ತದೆ, ನಿಜ. ಆದರೆ ಗಾಳಿ ಎಲ್ಲ ಕಾರಿಗೂ ಒಂದೇ ಆಗಿರುವಾಗ ತುಕ್ಕೇಕೆ ಒಂದೇ ಸಮ ಇಲ್ಲ?

ನನ್ನ ಕಾರು ವರ್ಷವಿಡೀ ಕವರಿನೊಳಗೆ. ಪಕ್ಕದ ಫ್ಲ್ಯಾಟಿನವರದು ಅದೇ ವಯಸ್ಸಿನದು, ಮಳೆಬಿಸಿಲಿಗೆ ಮೈಯೊಡ್ಡಿ ನಿಂತದ್ದು. ಅದರ ಬಣ್ಣ ಮಾಸಿದೆ, ಅಷ್ಟೆ. ನನ್ನದರ ಬಾಗಿಲಿನ ಕೆಳ ಅಂಚಿನಲ್ಲಿ ಕಡಲೆಕಾಳಿನಷ್ಟು ಗುಳ್ಳೆ ಎದ್ದಿತ್ತು. ಉಗುರಿನಿಂದ ಕೆರೆದರೆ ಬಣ್ಣ ಹಪ್ಪಳದಂತೆ ಮುರಿದು ಕೆಂಪು ಹುಡಿ ಉದುರಿತು.

ಎರಡು ಕಾರು ನೋಡಿ ಸಿದ್ಧಾಂತ ಕಟ್ಟಬಾರದು, ಒಪ್ಪಿದೆ. ಆದರೂ ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರೂ ಆಮ್ಲಜನಕವೂ ಬೇಕು. ಒದ್ದೆ ಕಾರಿನ ಮೇಲೆ ಪ್ಲಾಸ್ಟಿಕ್ ಕವರ್ ಎಳೆದರೆ ಆಮ್ಲಜನಕವೇನೂ ತಪ್ಪುವುದಿಲ್ಲ, ನೀರು ಆರುವುದು ಮಾತ್ರ ತಪ್ಪುತ್ತದೆ. ಇನ್ನು ಬಾಗಿಲಿನ ತಳದಲ್ಲಿ ನೀರಿಳಿಯಲು ಸಣ್ಣ ತೂತುಗಳಿರುತ್ತವೆ. ಪನವೇಲಿನಿಂದ 66ನೇ ಹೆದ್ದಾರಿ ಹಿಡಿದು ಊರಿಗೆ ಹೋಗಿಬಂದ ಕೆಸರು ಅವನ್ನು ಮುಚ್ಚಿತ್ತು. ಊದುಬತ್ತಿಯ ಕಡ್ಡಿ ಆಡಿಸಿದರೆ ಕಂದು ನೀರು ತೊಟ್ಟಿಕ್ಕಿತು. ನಾನು ಬೈಯುತ್ತಿದ್ದ ಖಾಡಿ ನನ್ನ ಬಾಗಿಲೊಳಗೇ ಇತ್ತು.

ಅವಸರದ ರಿಪೇರಿಯೂ ಮುಚ್ಚುವ ಕೆಲಸವೇ. ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಸಂಜೆಗೆ ಕಾರು ಮದುಮಗ. ಆದರೆ ಪುಟ್ಟಿ ತೇವ ಹೀರುತ್ತದೆ, ಅಡಿಯಲ್ಲಿ ಉಳಿದ ತುಕ್ಕು ಹಿಗ್ಗಿ ಅದೇ ಜಾಗದಲ್ಲಿ ಮತ್ತೆ ಗುಳ್ಳೆ ಎಬ್ಬಿಸುತ್ತದೆ. ಕೆಸರು ತೊಳೆಯದೆ ಕಾರಿನ ಹೊಟ್ಟೆಗೆ ಬಳಿಸುವ ಕರಿ ಕೋಟಿಂಗಿಗೂ ಇದೇ ಮಾತು.

ಮನೆಯಲ್ಲಿ ನಾನು ಮಾಡಿದ್ದು ತೆರೆಯುವ ಕೆಲಸ. ಡಿಸೆಂಬರಿನ ಒಣಹವೆಯಲ್ಲಿ, ಮೂಗಿಗೆ ಮಾಸ್ಕ್ ಕಟ್ಟಿ, 80ನೇ ನಂಬರಿನ ಉಪ್ಪುಕಾಗದದಿಂದ ತಗಡು ಹೊಳೆಯುವವರೆಗೆ ಉಜ್ಜಿದೆ. 320ರಿಂದ ಹಳೆ ಬಣ್ಣದ ಅಂಚನ್ನು ಬೆರಳಿಗೆ ತಾಗದಷ್ಟು ನಯಮಾಡಿದೆ. ಕಾಗದ ತಲುಪದ ಗುಳಿಗಳಿಗೆ ರಸ್ಟ್ ಕನ್ವರ್ಟರ್. ಅದರೊಳಗಿನ ಫಾಸ್ಫಾರಿಕ್ ಆಮ್ಲ ತುಕ್ಕನ್ನು ಕಬ್ಬಿಣದ ಫಾಸ್ಫೇಟ್ ಪದರವಾಗಿಸುತ್ತದೆ. ದೆಹಲಿಯ ಕಬ್ಬಿಣದ ಕಂಬ ಸುಮಾರು 1600 ವರ್ಷ ಬಾಳಿದ್ದರ ಹಿಂದೆಯೂ ಅದರಲ್ಲಿನ ರಂಜಕ ಕಟ್ಟಿದ ಇಂಥದೇ ಪದರವಿದೆ ಎನ್ನುತ್ತಾರೆ ಲೋಹಶಾಸ್ತ್ರಜ್ಞರು. ಆಮೇಲೆ ಇಪಾಕ್ಸಿ ಪ್ರೈಮರ್, ಬಣ್ಣ, ಲ್ಯಾಕರ್. ಒಂದು ಪೂರ್ತಿ ಒಣಗಿದ ಮೇಲೆಯೇ ಇನ್ನೊಂದು.

ಬಿಸಿಲು, ಹಕ್ಕಿಯ ಹಿಕ್ಕೆಯಿಂದ ಕವರ್ ಕಾಪಾಡುವುದಿಲ್ಲವೇ? ಕಾಪಾಡುತ್ತದೆ. ಕಾರು ಒಣಗಿರಬೇಕು, ಬಟ್ಟೆ ಗಾಳಿಯಾಡುವಂಥದಾಗಿರಬೇಕು, ಅಷ್ಟೆ. ಎಲ್ಲ ತುಕ್ಕಿಗೂ ಮನೆಮದ್ದು ಸಾಲದು ಎನ್ನುವುದೂ ಸರಿ. ಸ್ಕ್ರೂಡ್ರೈವರ್ ಒತ್ತಿದರೆ ತೂತಾಗುವ ತಗಡು, ಸಸ್ಪೆನ್ಷನ್ ಹಿಡಿದುಕೊಂಡ ಜಾಗದ ತುಕ್ಕು, ಇವು ವೆಲ್ಡಿಂಗ್ ಬಲ್ಲವರ ಕೈಗೇ ಹೋಗಲಿ.

ನಾನು ಹಚ್ಚಿದ ಬಣ್ಣ ಮೂಲ ಬಣ್ಣಕ್ಕೆ ಹೊಂದಲಿಲ್ಲ. ಬಾಗಿಲಲ್ಲಿ ಅಂಗೈಯಗಲದ ಮಚ್ಚೆ. “ಅದರ ಮೇಲೊಂದು ಸ್ಟಿಕ್ಕರ್ ಅಂಟಿಸಿಬಿಡಿ ಮಾರಾಯ್ರೆ” ಎಂದರು ಪಕ್ಕದವರು. ಬೇಡವೆಂದೆ. ಗುಳ್ಳೆ ಮತ್ತೆ ಎದ್ದರೆ ಮೊದಲು ನನಗೆ ಕಾಣಬೇಕಲ್ಲ.